ಇನ್ನೊಂದು ತುದಿ

ಊಟಕ್ಕೆ ಕೂತವನು ತುತ್ತನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದ. ಕಿವಿ ನೆಟ್ಟಗಾಯಿತು.

"ಬಚ್ಚಲ ನಲ್ಲಿ," ಎಂದ. "ಮತ್ತೆ ತೊಟ್ಟಿಕ್ತಾ ಇದೆ."

"ಊಟ ಮುಗಿಸಿ ನೋಡಿದ್ರಾಯ್ತು ಬಿಡಿ," ಎಂದಳು ಹೆಂಡತಿ.

"ಮೊನ್ನೆ ಮೊನ್ನೆ ವಾಷರ್ ಹಾಕಿದ್ದೀನಿ. ಈ ಮನೇಲಿ ನಲ್ಲಿ ಮುಚ್ಚೋಕೂ ಯಾರಿಗೂ ಬರಲ್ಲ. ಕತ್ತು ಹಿಸುಕೋ ಹಾಗೆ ತಿರುಗಿಸ್ತೀರಿ."

ಅವಳು ಎಡಗೈಯಲ್ಲಿ ಸೌಟು ಹಿಡಿದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಬಲಗೈ ಮಡಿಲಲ್ಲಿತ್ತು. ಅವನು ಆಗಲೇ ಸ್ಪ್ಯಾನರ್ ಹುಡುಕಲು ಎದ್ದಿದ್ದ.

ಅವನು ಪ್ಲಂಬರ್. ಬೀದಿಯವರಿಗೆಲ್ಲ ಹನಿಯಣ್ಣ. ಎಲ್ಲಿ ನೀರು ತೊಟ್ಟಿಕ್ಕಿದರೂ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಮ್ಮೆ ಸಾವಿನ ಮನೆಗೆ ಸಮಾಧಾನ ಹೇಳಲು ಹೋದವನು ಒಳಗಿನ ಟಪ್ ಟಪ್ ಸದ್ದು ತಾಳಲಾರದೆ ಎದ್ದು, ನಲ್ಲಿ ಬಿಗಿ ಮಾಡಿ, ಮತ್ತೆ ಬಂದು ದುಃಖದ ಮುಖ ಮಾಡಿಕೊಂಡು ಕೂತಿದ್ದನಂತೆ. "ಹನಿ ಹನಿ ಗೂಡಿದರೆ ಹಳ್ಳ" ಎಂಬ ಗಾದೆಯನ್ನು ಅವನಷ್ಟು ನಂಬಿದವರು ಇನ್ನೊಬ್ಬರಿರಲಿಕ್ಕಿಲ್ಲ.

ಮನೆಯನ್ನೂ ಹಾಗೇ ನಡೆಸುತ್ತಿದ್ದ. ನಾಳೆಯ ಅಡುಗೆ ಏನೆಂದು ಇವತ್ತೇ ಗೊತ್ತಿರಬೇಕು, ಕಾಳು ನೆನೆದಿರಬೇಕು. ಕುದಿ ಬಂದ ಕೂಡಲೇ ಒಲೆ ಸಣ್ಣಗಾಗಬೇಕು. ಬೀಗದ ಕೈಗೆ ಒಂದೇ ಮೊಳೆ, ಅದು ಅಲ್ಲೇ ಇರಬೇಕು. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸುವುದಕ್ಕೆ. ಹರಿದದ್ದನ್ನು ಅವತ್ತೇ ಹೊಲಿಯಬೇಕು, ನಾಳೆಗಿಟ್ಟರೆ ಅಂಗೈಯಗಲದ ತೂತು ಅಂಗಳದಷ್ಟಾಗುತ್ತದೆ ಎನ್ನುತ್ತಿದ್ದ. ಹುಡುಗನಾಗಿದ್ದಾಗ ಸಾಲ ಕೊಟ್ಟವರು ಬಾಗಿಲು ಬಡಿಯುವ ಸದ್ದಿಗೆ ಅಪ್ಪನ ಜೊತೆ ಉಸಿರು ಬಿಗಿಹಿಡಿದು ಕೂತವನು ಅವನು. ಈಗ ಅವನ ಬಾಗಿಲನ್ನು ಬಡಿಯುವವರಿರಲಿಲ್ಲ. ಸಂಜೆ ಮನೆಗೆ ಬಂದರೆ ಎಲ್ಲವೂ ಅದರದರ ಜಾಗದಲ್ಲಿ, ಮನಸ್ಸಿಗೆ ನೆಮ್ಮದಿ.

ಈ ಅಭ್ಯಾಸಗಳಲ್ಲಿ ಒಂದೂ ಕೆಟ್ಟದ್ದಲ್ಲ. ಯಾರ ಮನೆಯಲ್ಲಾದರೂ ಇರಬೇಕಾದವೇ. ಕಾಳು ನೆನೆಹಾಕುವವರು ಯಾರು, ಬಕೆಟ್ಟು ಹೊರುವವರು ಯಾರು ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಂಡನಿಗೆ ಸಿಕ್ಕ ನೆಮ್ಮದಿ ಎಲ್ಲಿಂದ ಬರುತ್ತಿದೆಯೆಂದು ಹೆಂಡತಿಯ ಮೈಗೆ ಗೊತ್ತಿತ್ತು.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಕಾಲರಿನ ಮುಂದಿನ ಎರಡು ಚೂಪು ಮೂತಿಗಳು ಒಂದರ ಹಾಗೆ ಒಂದು ಬರಬೇಕು, ಕೂದಲೆಳೆ ಆಚೀಚೆಯಾದರೂ ಮಾಲು ವಾಪಸ್ಸು. ಬಸ್ಸಿನಲ್ಲಿ ಮುಂದೆ ಕೂತವನ ಕುತ್ತಿಗೆ ನೋಡಿ "ಇದು ನನ್ನ ಕೈಯ ಹೊಲಿಗೆ" ಎಂದು ಗುರುತಿಸುವಷ್ಟು ಆ ಕೆಲಸದಲ್ಲಿ ಅವಳಿಗೆ ಹಿಡಿತವಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದಳು.

ರಜೆಯ ದಿನ ಒಗೆತ. ಅತ್ತೆಗೆ ಉಬ್ಬಸ. ಹಾಸಿಗೆಯಲ್ಲಿ ಧೂಳಿದ್ದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ಮನೆಯ ಚಾದರಗಳೆಲ್ಲ ವಾರಕ್ಕೊಮ್ಮೆ ನೀರು ಕಾಣಲೇಬೇಕು. ದಪ್ಪ ನೀಲಿ ಚಾದರಗಳು. ಒಂದು ನೆನೆದರೆ ಆಳಿನಷ್ಟು ಭಾರ.

"ಒಂದು ಮಷೀನ್ ತಗೊಳ್ಳೋಣ ರೀ," ಎಂದು ಅವಳು ಒಮ್ಮೆ ಕೇಳಿದ್ದಳು.

"ಮಷೀನಾ? ಅದು ನೀರು ಕುಡಿಯೋದು ನೋಡಿದ್ದೀಯಾ? ನಾನು ದಿನಾ ನೋಡ್ತೀನಿ. ಮೂರು ಜನರ ಬಟ್ಟೆಗೆ ಆನೆ ಸಾಕಿದ ಹಾಗೆ."

"ಹಾಗಾದ್ರೆ ಹಿಂಡುವಾಗ ಒಂದು ಕೈ ಹಾಕಿ. ಒಬ್ಬಳೇ ಆಗಲ್ಲ."

"ರಜೆ ದಿನಾನೇ ಕಣೇ ಜನ ಮನೇಲಿರೋದು, ಆವತ್ತೇ ನನಗೆ ಕೆಲಸ ಜಾಸ್ತಿ. ನಾಲ್ಕು ಮನೆ ಕಾಯ್ತಾ ಇದ್ದಾರೆ." ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದ.

ಅತ್ತೆ ಒಳಗಿನಿಂದಲೇ ಹೇಳಿದ್ದರು. "ಗಂಡಸರ ಕೈಲಿ ಬಟ್ಟೆ ಹಿಂಡಿಸ್ತಾರೇನಮ್ಮಾ? ಒಂದು ತುದೀನ ನಲ್ಲಿಗೆ ಸುತ್ತು. ಇನ್ನೊಂದು ತುದಿ ಹಿಡಿದು ನೀನು ತಿರುವು. ನಾನು ಕಂಬಕ್ಕೆ ಸುತ್ತಿ ಹಿಂಡ್ತಿದ್ದೆ."

ಉಪಾಯ ಒಳ್ಳೆಯದೇ. ಅವತ್ತಿನಿಂದ ನಲ್ಲಿ ಅವಳಿಗೆ ಜೊತೆಯಾಯಿತು. ಅವಳು ತಿರುಚುವಳು, ನಲ್ಲಿ ಹಿಡಿದು ನಿಲ್ಲುವುದು. ನೀರು ಇಳಿಯುವ ತನಕ ತಿರುಚಿ, ಮಣಿಕಟ್ಟಿನ ಒಳಗೆ ಏನೋ ಸುಟ್ಟಂತಾದಾಗ ಬಿಟ್ಟು, ಮತ್ತೆ ಹಿಡಿಯುವಳು. ನಲ್ಲಿಯೂ ಅಲುಗಾಡತೊಡಗಿತು. ಗಂಡ ವಾಷರ್ ಬದಲಿಸಿದ, ಬಿಳಿ ಟೇಪು ಸುತ್ತಿದ, ಎರಡು ಸಲ ನಲ್ಲಿಯನ್ನೇ ಬದಲಿಸಿದ. ನಲ್ಲಿ ಮಾಡಿದವನನ್ನು ಬೈದ, ಗೋಡೆ ಕಟ್ಟಿದವನನ್ನು ಬೈದ, ಮುಚ್ಚುವವರನ್ನಂತೂ ಸರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ನಲ್ಲಿಯೂ ಕೈತಪ್ಪುತ್ತದೆಂಬ ಹೆದರಿಕೆ ಅವಳಿಗೆ.

ಬೆರಳು ಜೋಮು ಹಿಡಿಯುತ್ತಿದೆ ಎಂದು ಒಂದೇ ಒಂದು ಸಲ ಗಂಡನಿಗೆ ಹೇಳಿದ್ದುಂಟು. ಅವನು ನಿಜವಾಗಿಯೂ ಮರುಗಿದ.

"ಬಿಸಿನೀರಿಗೆ ಉಪ್ಪು ಹಾಕಿ ಕೈ ಇಟ್ಕೊಂಡು ಕೂತ್ಕೋ. ಹಾಯಾಗುತ್ತೆ," ಎಂದ. ಬಾಗಿಲ ತನಕ ಹೋದವನು ತಿರುಗಿ, "ಆ ನೀರು ಚೆಲ್ಲಬೇಡ. ನೆಲ ಒರೆಸೋಕಾಗುತ್ತೆ," ಎಂದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಈ ಮನೆಯಲ್ಲಿ ಕನ್ನಡಿ ಹಿಡಿದಿದ್ದರೂ ಕಾಣುತ್ತಿರಲಿಲ್ಲವೇನೋ.

ಕಾರ್ಖಾನೆಯಲ್ಲಿ ಕಂಡಿತು. ಕಾಲರಿನ ಒಂದು ಮೂತಿ ಸೊಟ್ಟಗಾಯಿತು, ಆಮೇಲೆ ಇನ್ನೊಂದು. ಬಟ್ಟೆ ಬೆರಳ ಕೆಳಗಿದೆಯೋ ಜಾರಿತೋ ಎಂದು ಅವಳು ಕಣ್ಣಿಟ್ಟು ನೋಡಿ ತಿಳಿಯಬೇಕಾಗಿತ್ತು. ಅವಳ ಸಾಲಿನ ಮೇಲ್ವಿಚಾರಕಿ ಕೆಟ್ಟವಳೇನಲ್ಲ. ನೂಲಿನ ತುದಿ ಕತ್ತರಿಸುವ ಮೇಜಿಗೆ ಅವಳನ್ನು ಕಳಿಸಿದಳು. ಅಲ್ಲಿ ಕತ್ತರಿ ಕೈಯಿಂದ ಬಿತ್ತು. ಮರುದಿನವೂ ಬಿತ್ತು.

"ಅಕ್ಕಾ, ನನ್ನ ಕೈಲಿ ಏನೂ ಇಲ್ಲ," ಎಂದಳು ಮೇಲ್ವಿಚಾರಕಿ, ಮುಖ ನೋಡದೆ. "ಮೇಲಿನವರು ಲೆಕ್ಕ ಕೇಳ್ತಾರೆ. ಕೈ ಸರಿಯಾದ ಮೇಲೆ ಬನ್ನಿ. ನಾನೇ ಹೇಳಿ ಸೇರಿಸ್ತೀನಿ."

"ನನ್ನ ಕೈ ಸರಿಯಾಗಲ್ಲ ಅಂತ ನಿನಗೂ ಗೊತ್ತು ಕಣಮ್ಮಾ."

ಅವಳು ದಿನವೂ ಕೂರುತ್ತಿದ್ದ ಯಂತ್ರದ ಮುಂದೆ ಆಗಲೇ ಇನ್ನೊಬ್ಬಳು ಕೂತಿದ್ದಳು. ಕುರ್ಚಿಯ ಮೇಲೆ ತಾನು ಹೊಲಿದು ಹಾಕಿಕೊಂಡಿದ್ದ ದಿಂಬು ಹಾಗೇ ಇತ್ತು. ಕೇಳಿ ತರಲು ಮನಸ್ಸಾಗಲಿಲ್ಲ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಸೂಜಿಯಿಂದ ಮುಟ್ಟಿದರು. ಹೆಬ್ಬೆರಳ ಬುಡದ ಮಾಂಸ ಇಳಿದುಹೋಗಿ ಅಂಗೈಯಲ್ಲಿ ಗುಳಿ ಬಿದ್ದಿತ್ತು.

"ಹೊಲಿಗೆ ಒಂದೇ ಅಲ್ಲ ಇದು. ಬಟ್ಟೆ ಕೈಯಲ್ಲೇ ಹಿಂಡ್ತೀರಾ?"

"ಹೌದು."

"ಮನೇಲಿ ಬೇರೆ ಯಾರೂ ಇಲ್ವಾ?"

"ಇದ್ದಾರೆ."

ಡಾಕ್ಟರಮ್ಮ ಸೂಜಿ ಕೆಳಗಿಟ್ಟರು. "ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ. ಆಪರೇಷನ್ ಮಾಡಿದ್ರೆ ನೋವು ಕಡಿಮೆ ಆಗುತ್ತೆ. ಹೋಗಿರೋ ಸ್ಪರ್ಶ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲಮ್ಮ. ಬಹಳ ಮುಂಚೆ ಬರಬೇಕಿತ್ತು."

ಮುಂಚೆ ಬರಬೇಕಿದ್ದರೆ ಒಂದು ದಿನದ ಕೂಲಿ ಬಿಡಬೇಕಿತ್ತು. ಅದು ಉಳಿತಾಯವೆಂದು ಅವಳೂ ನಂಬಿದ್ದಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. "ಇನ್ನೊಂದು ಕಡೆ ತೋರಿಸೋಣ," ಎಂದ. ಅವಳಿಗೆ ಸಮಾಧಾನ ಹೇಳಬೇಕೆಂದು ಅವನ ಮನಸ್ಸು ಒದ್ದಾಡುತ್ತಿತ್ತು. ಹುಡುಕಿ ಹುಡುಕಿ ಹೇಳಿದ. "ಹೋಗ್ಲಿ ಬಿಡು. ಇನ್ನು ಮನೇಲೇ ಇರ್ತೀಯಲ್ಲ, ಆತುರ ಇಲ್ಲದೆ ನಿಧಾನಕ್ಕೆ ಕೆಲಸ ಮಾಡ್ಕೋಬಹುದು."

ಅವಳು ಅವನನ್ನು ನೋಡಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಈ ಮನುಷ್ಯನಿಗೆ ಎಂದೂ ತಿಳಿಯುವುದಿಲ್ಲ ಎಂದು ಮಾತ್ರ ಅನ್ನಿಸಿತು. ಆ ಯೋಚನೆಗೆ ಅವಳು ಆಗಲೇ ಒಗ್ಗಿಹೋಗಿದ್ದಳು. ಎದ್ದು ಕಾಳು ನೆನೆಹಾಕಿದಳು.

ರಜೆಯ ದಿನ ಬಂತು. ಅತ್ತೆಯ ಕೆಮ್ಮು ಹೆಚ್ಚಾಗಿತ್ತು, ಚಾದರ ಒಗೆಯದೆ ಬಿಡುವಂತಿರಲಿಲ್ಲ. ಕಾಲಿನಿಂದ ತುಳಿದು ತುಳಿದು ಕೊಳೆ ತೆಗೆದಳು. ಹಿಂಡುವಾಗ ಬಲಗೈ ಹಿಡಿಯಲೊಲ್ಲದು. ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ಎಡ ತೋಳಿಗೆ ಸುತ್ತಿಕೊಂಡು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ತಿರುಗಿದಳು. ನಲ್ಲಿ ಗೋಡೆಯಿಂದ ಕಿತ್ತು ಬಂತು. ನೀರು ಬಾಣದಂತೆ ಎದುರಿನ ಗೋಡೆಗೆ ಬಡಿಯಿತು. ಅವಳು ಕೂತಲ್ಲೇ ಬಿದ್ದಳು.

ಚೀಲ ಹೆಗಲಿಗೇರಿಸುತ್ತಿದ್ದ ಹನಿಯಣ್ಣ ಓಡಿಬಂದು ಮೊದಲು ದೊಡ್ಡ ವಾಲ್ವ್ ಮುಚ್ಚಿದ. ಆಮೇಲೆ ಹೆಂಡತಿಯನ್ನು ಎಬ್ಬಿಸಿದ. ಅನುಕ್ರಮ ಹೀಗಿತ್ತು, ಅವಳು ಅದನ್ನು ಗಮನಿಸಿದಳು.

ಅವನು ನೆಲದಲ್ಲಿ ಬಿದ್ದಿದ್ದ ನಲ್ಲಿಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಇಷ್ಟು ವರ್ಷ ಪರರ ಮನೆಯ ಕೆಲಸ ಮುಗಿಸಿ ಬಂದು ಆತುರದಲ್ಲಿ ಬಿಗಿದಿದ್ದನೇ ಹೊರತು ಹೀಗೆ ಹಗಲಿನಲ್ಲಿ ನೋಡಿರಲಿಲ್ಲ. ವಾಷರ್ ಹೊಸದರಂತೆಯೇ ಇತ್ತು. ತಿರುಗಿಸಿ ತಿರುಗಿಸಿ ಹಾಳಾದ ನಲ್ಲಿ ಒಳಗೆ ಸವೆದಿರುತ್ತದೆ. ಇದು ಒಳಗೆ ಸವೆದಿರಲಿಲ್ಲ, ಕತ್ತೇ ಒಂದು ಪಕ್ಕಕ್ಕೆ ವಾಲಿತ್ತು. ಹಿಡಿಯ ಸಂದಿಯಲ್ಲಿ ನೀಲಿ ನೂಲಿನ ಎಳೆಗಳು ಕಪ್ಪುಗಟ್ಟಿ ಸಿಕ್ಕಿಕೊಂಡಿದ್ದವು.

"ಇದನ್ನ ಯಾರೂ ತಿರುಗಿಸಿಲ್ಲ," ಎಂದ ನಿಧಾನವಾಗಿ. "ಎಳೆದಿದ್ದಾರೆ. ಏನು ಕಟ್ತಿದ್ದೆ ಇದಕ್ಕೆ?"

"ಚಾದರ. ಹಿಂಡೋಕೆ."

"ಎಷ್ಟು ದಿನದಿಂದ?"

"ಈ ಮನೆಗೆ ಬಂದಾಗಿಂದ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಮೊದಲು ಹೇಳಿದ್ದೇ ನಿಮಗೆ. ಅವತ್ತು ಯಾರದ್ದೋ ಮನೆ ನಲ್ಲಿ ಸರಿಮಾಡೋಕೆ ಹೊರಟಿದ್ರಿ."

ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದರು. ಆ ಬೆರಳುಗಳು ಮಡಚುತ್ತಿರಲಿಲ್ಲ. ವಯಸ್ಸಾಯಿತು, ಅದಕ್ಕೇ ಎಂದು ಅವನು ಅಂದುಕೊಂಡಿದ್ದ. ಈಗ ಅವನ ಕಣ್ಣು ಅಲ್ಲೇ ನಿಂತಿತು.

"ಅಮ್ಮಾ, ನಿನಗೂ ಹೀಗೇನಾ?"

"ನಂದು ಮುಗಿದ ಕಥೆ ಕಣೋ," ಎಂದರು ತಾಯಿ. "ಅವಳಿಗೆ ಆ ದಾರಿ ತೋರಿಸಿದವಳೂ ನಾನೇ. ನನಗೆ ಗೊತ್ತಿದ್ದದ್ದು ಅದೊಂದೇ," ಎಂದು ಒಳಗೆ ಹೋದರು.

ಹನಿಯಣ್ಣನ ಚೀಲದಲ್ಲಿ ಹೊಸ ನಲ್ಲಿಯಿತ್ತು. ತೆಗೆಯಲಿಲ್ಲ. ಒದ್ದೆ ನೆಲದಿಂದ ಚಾದರ ಎತ್ತಿದ. ಅದರ ಭಾರಕ್ಕೆ ಅವನ ತೋಳೇ ಒಮ್ಮೆ ಜಗ್ಗಿತು. ಒಂದು ತುದಿ ಹಿಡಿದು ಇನ್ನೊಂದನ್ನು ಅವಳತ್ತ ಚಾಚಿದ. ಅವಳು ಅಭ್ಯಾಸಬಲದಿಂದ ಬಲಗೈ ಮುಂದೆ ಮಾಡಿದಳು. ತುದಿ ಜಾರಿ ಬಿತ್ತು. ಅವಳೇ ಬಗ್ಗಿ ಎತ್ತಿಕೊಂಡಳು, ಮತ್ತೆ ಜಾರಿತು. ಅದು ಜಾರಿದ್ದು ಅವಳಿಗೆ ತಿಳಿದದ್ದು ನೆಲಕ್ಕೆ ಬಿದ್ದ ಸದ್ದಿನಿಂದ. ಅವನು ಅದನ್ನು ನೋಡಿದ.

ಹತ್ತಿರ ಬಂದು ತುದಿಯನ್ನು ಅವಳ ಎಡ ತೋಳಿಗೆ ತಾನೇ ಸುತ್ತಿದ.

"ನೀನು ತಿರುವಬೇಡ," ಎಂದ. "ಹಿಡಿದು ನಿಂತಿದ್ರೆ ಸಾಕು."

"ಹೂಂ," ಎಂದಳು ಅವಳು. "ಅಷ್ಟೇ ಸಾಕಿತ್ತು."

ಅವನು ತಿರುಚಿದ. ಚಾದರದಿಂದ ನೀರು ಸುರಿಯತೊಡಗಿತು, ಇಬ್ಬರ ಪಾದಗಳ ಮೇಲೆ ಹರಿದು ಮೋರಿಗೆ ಹೋಯಿತು. ಅದನ್ನು ಹಿಡಿಯಲು ಬಕೆಟ್ಟು ಇಡಬೇಕೆಂದು ಅವನಿಗೆ ಹೊಳೆಯಲಿಲ್ಲ. ತಿರುಚಿದಷ್ಟೂ ಬರುತ್ತಲೇ ಇತ್ತು.

"ಇಷ್ಟು ನೀರಿರುತ್ತಾ ಇದರಲ್ಲಿ?"

"ಪ್ರತಿ ವಾರ ಇರುತ್ತೆ."

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯಾರದ್ದೋ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿರಬೇಕು. ಅದು ಹೊಡೆದುಕೊಂಡು ತಾನಾಗಿ ನಿಂತಿತು. ಅವನು ಬಗ್ಗಿ ಎರಡನೆಯ ಚಾದರ ಎತ್ತಿಕೊಂಡ.