ಏರುಗೆರೆಯೂ ಕೊಡದ ನೀರೂ

ಗುಂಡುವಿಗೆ ಒಂದೂವರೆ ವರ್ಷ ತುಂಬಿ ತಿಂಗಳಾಗಿತ್ತು. ಇನ್ನೂ ನಡೆಯುತ್ತಿರಲಿಲ್ಲ. ಅಂಬೆಗಾಲಲ್ಲೇ ಮನೆಯೆಲ್ಲ ಸುತ್ತುತ್ತಿದ್ದ. ಅವನಮ್ಮ ಹೊಲಿಗೆಯವಳು. ಮಗನ ಪ್ಯಾಂಟಿಗೆ ತೇಪೆ ಹಾಕುವಾಗಲೆಲ್ಲ ಅವಳ ಮನಸ್ಸಿಗೆ ಒಂದು ವಿಷಯ ಚುಚ್ಚುತ್ತಿತ್ತು: ಸವೆಯುವುದು ಯಾವಾಗಲೂ ಬಲಮಂಡಿ ಮಾತ್ರ.

“ಡಾಕ್ಟರಿಗೆ ತೋರಿಸೋಣ ಅತ್ತೆ,” ಎಂದರೆ ಅತ್ತೆಯದು ಒಂದೇ ಮಾತು. “ಇವನಪ್ಪನೂ ನಿಧಾನಾನೇ. ಈಗ ಓಡಾಡ್ತಿಲ್ವಾ? ಸುಮ್ನೆ ಗಾಬರಿ ಬೀಳ್ಬೇಡ.”

ಒಂದು ದಿನ ಅತ್ತೆ ಸೊಸೆ ಗುಂಡುವಿಗೆ ಲಸಿಕೆ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಬೆಂಚಿನ ಎದುರಿನ ಗೋಡೆಯ ಮೇಲೆ ಒಂದು ಚಿತ್ರ. ಕೆಳಗಡೆ ತಿಂಗಳುಗಳು, ಪಕ್ಕದಲ್ಲಿ ಸೊನ್ನೆಯಿಂದ ನೂರರವರೆಗೆ ಮಕ್ಕಳ ಲೆಕ್ಕ, ನಡುವೆ ಮೇಲೇರುವ ಒಂದು ಗೆರೆ. ಅತ್ತೆ ಕನ್ನಡಕ ಏರಿಸಿದರು.

“ನೋಡೇ, ನಡೆಯೋ ಮಕ್ಕಳ ಲೆಕ್ಕ! ಹದಿನೆಂಟನೇ ತಿಂಗಳ ಹತ್ರ ಗೆರೆ ತುತ್ತತುದಿಗೆ ಹೋಗಿದೆ. ಹೆಚ್ಚು ಮಕ್ಕಳು ನಡೆಯೋದೇ ಆಗ. ಸೂಜಿ ಹಾಕ್ಸು, ಮನೆಗೆ ಹೋಗೋಣ.”

ಸೊಸೆ ಎದುರಾಡುವವಳಲ್ಲ. ಆದರೆ ಅವಳ ಕಣ್ಣು ಚಿತ್ರದ ಅಡಿಯ ಒಂದು ಪದದಲ್ಲಿ ಸಿಕ್ಕಿಕೊಂಡಿತ್ತು.

“ಅತ್ತೆ... ‘ಇಷ್ಟು ತಿಂಗಳ ಒಳಗೆ’ ಅಂತ ಬರ್ದಿದೆ.”

“ಒಳಗೋ ಹೊರಗೋ, ಎತ್ತರ ಇಲ್ವಾ?”

ಹತ್ತಿರವೇ ಇದ್ದ ದಾದಿ ನಕ್ಕಳು. “ಅಜ್ಜಿ, ನೀವು ನಲ್ಲಿಗೆ ಕೊಡ ಇಡ್ತೀರಲ್ಲ, ಕೊಡದಲ್ಲಿ ನೀರು ತೀರಾ ಮೇಲಿರೋದು ಯಾವಾಗ?”

“ಕೊನೇಲಿ. ಇದೂ ಒಂದು ಪ್ರಶ್ನೆನಾ?”

“ಹಾಗಾದ್ರೆ ನಲ್ಲಿ ಜೋರಾಗಿ ಬಂದಿದ್ದೂ ಕೊನೇಲೇನಾ?”

“ಎಲ್ಲಿಂದ ಬರ್ಬೇಕು! ಕೊನೆಗೆ ಬರೀ ತೊಟ್ಟಿಕ್ಕುತ್ತೆ...” ಅತ್ತೆ ಮತ್ತೆ ಗೋಡೆಯ ಗೆರೆಯತ್ತ ತಿರುಗಿದರು.

“ಈ ಗೆರೆನೂ ಕೊಡದ ನೀರೇ. ಹಿಂದಿನವರ ಮೇಲೆ ಹೊಸಬರನ್ನ ಕೂಡಿಸ್ತಾ ಹೋಗುತ್ತೆ, ಕೆಳಗೆ ಇಳಿಯಲ್ಲ. ಗೆರೆ ಕಡಿದಾಗಿ ಏರಿದ ಕಡೆ ತುಂಬಾ ಮಕ್ಕಳು ಹೊಸದಾಗಿ ನಡೆಯೋಕೆ ಶುರು ಮಾಡಿದ್ರು ಅಂತ. ಚಪ್ಪಟೆಯಾದ ಕಡೆ ಒಬ್ಬಿಬ್ಬರು. ಈಗ ಐವತ್ತರಿಂದ ಅಡ್ಡಕ್ಕೆ ಬೆರಳು ಸರಿಸಮ್ಮ. ಗೆರೆ ಸಿಕ್ತಾ? ನೇರ ಕೆಳಗಿಳಿ.”

ಸೊಸೆಯ ಬೆರಳು ಹನ್ನೆರಡರ ಮೇಲೆ ನಿಂತಿತು. “ಅರ್ಧ ಮಕ್ಕಳು ವರ್ಷದೊಳಗೇ ನಡೆದಿದಾರೆ.” ಅವಳೇ ಹದಿನೆಂಟರಿಂದ ಮೇಲೆ ಹೋದಳು. ಬೆರಳು ನೂರರ ಪಕ್ಕ ನಿಂತಿತು. “ಹದಿನೆಂಟರೊಳಗೆ ಹೆಚ್ಚುಕಮ್ಮಿ ಎಲ್ಲರೂ. ನಮ್ಮ ಗುಂಡು... ಉಳಿದವರಲ್ಲಿ.”

“ಉಳಿದೋರಿಗೆಲ್ಲ ಕಾಯಿಲೆ ಇರುತ್ತೆ ಅಂತಲ್ಲ,” ಎಂದಳು ದಾದಿ. “ಆದ್ರೆ ತೋರಿಸ್ಲೇಬೇಕು.”

“ಇವನ ಪ್ಯಾಂಟು ಬಲಮಂಡಿ ಹತ್ರ ಮಾತ್ರ ಸವೆಯುತ್ತೆ ಅಕ್ಕ.”

“ಅದನ್ನ ಡಾಕ್ಟರ ಹತ್ರ ಮರೀದೆ ಹೇಳು.”

ಮಗುವನ್ನು ಎತ್ತಿಕೊಂಡು ಮೊದಲು ಎದ್ದವರು ಅತ್ತೆಯೇ. “ಕುಳಿತೇ ಇರ್ತೀಯಲ್ಲೇ, ಬಾ. ಡಾಕ್ಟರು ಊಟಕ್ಕೆ ಹೋದಾರು!”

ಡಾಕ್ಟರು ನೋಡಿದಾಗ ಗುಂಡುವಿನ ಎಡಗಡೆಯ ಸೊಂಟದ ಕೀಲಿನಲ್ಲಿ ತೊಂದರೆಯಿತ್ತು; ಅದಕ್ಕೇ ಭಾರವೆಲ್ಲ ಬಲಮಂಡಿಯ ಮೇಲೆ ಬೀಳುತ್ತಿತ್ತು. ಚಿಕಿತ್ಸೆ ಸುಲಭವಾಗಿರಲಿಲ್ಲ, ತಿಂಗಳುಗಳೇ ಹಿಡಿದವು. ಈಗ ಗುಂಡು ಓಡುತ್ತಾನೆ, ಬೀಳುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಅವನಮ್ಮ ಈಗ ಎರಡೂ ಮಂಡಿಗೆ ತೇಪೆ ಹಾಕುತ್ತಾಳೆ.

ಗೋಡೆಯ ಮೇಲೆ ಇಂಥ ಏರುಗೆರೆ ಕಂಡರೆ ಅದರ ಎತ್ತರಕ್ಕೆ ಮರುಳಾಗಬೇಡಿ. ‘ಒಳಗೆ’ ಎಂಬ ಪದ ಹುಡುಕಿ, ಗೆರೆ ಕಡಿದೋ ಚಪ್ಪಟೆಯೋ ನೋಡಿ. ನಿಮ್ಮ ಮಗು ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಇವತ್ತೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೊರಡಿ.