ಹಂಚಿನ ಮನೆಯ ಚಿತ್ರ

ಖಡು ಪುಡಿಯಾಗಿ ಬೆರಳಿಗೆ ಅಂಟಿತು, ಇಷ್ಟು ಒತ್ತಿ ಬರೆಯಬಾರದಿತ್ತು, ಹಲಗೆಯ ಮೇಲೆ ಮನೆ ಎಂಬ ಎರಡಕ್ಷರ ಒಂದಕ್ಕಿಂತ ಒಂದು ದಪ್ಪ, ಬೆನ್ನ ಹಿಂದೆ ನರಗುಂದದ ಶಾಲೆಯ ಒಂದನೇ ಇಯತ್ತೆ ಉಸಿರು ಬಿಗಿಹಿಡಿದು ಕೂತಿದೆ, ಇವು ಹೀಗೆ ಸುಮ್ಮನೆ ಕೂರುವ ಮಕ್ಕಳೇ ಅಲ್ಲ, ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಹೆಡ್‌ಮಾಸ್ತರ ಗುರುಸಂಗಪ್ಪನವರು ಪಾಠದ ಪರೀಕ್ಷೆ ಮಾಡಲು ಕೂತಿದ್ದಾರೆಂದೇ ಈ ಶಾಂತಿ — ಶಂಕ್ರವ್ವ ಸೆರಗನ್ನು ಇನ್ನೊಮ್ಮೆ ತಲೆಯ ಮೇಲೆ ಎಳೆದುಕೊಂಡಳು, ಕೈಯ ಬಿಳಿ ಸೆರಗಿಗೂ ಹತ್ತಿತು, ಹತ್ತಲಿ, ಇವತ್ತಿನ ಪಾಠಕ್ಕೆ ಅವರು ಸೈ ಅಂದರೆ ಟ್ರೇನಿಂಗ್ ಮುಗಿದ ಹಾಗೆ, ಇಲ್ಲವಾದರೆ ಕೊಣ್ಣೂರು, ಅತ್ತೆಯ ಮನೆ, ಅಪ್ಪ ದ್ಯಾಮಪ್ಪ ಅತ್ತೆಯವರ ಕೈಕಾಲು ಹಿಡಿದು ಅವಳನ್ನು ಕೇಳಿ ತಂದದ್ದೇ ಆ ಕರಾರಿನ ಮೇಲೆ, ಒಂದ ಸಲ ಸಾಲಿಗೆ ಕಳಸ್ರಿ, ಪಾಸಾದ್ಲಂದ್ರ ಅಕಿ ಅನ್ನ ಅಕಿ ಗಳಿಸ್ತಾಳ, ಆಗಲಿಲ್ಲಂದ್ರ ನಾನs ತಂದು ಬಿಡ್ತೀನಿ ಅಂದಿದ್ದ, ಗಂಡ ಜ್ವರದಲ್ಲಿ ಹೋಗಿ ವರ್ಷ ತುಂಬಿತ್ತು ಆಗ, ಚಕ್ಕಡಿ ಹಳ್ಳ ದಾಟುವಾಗ ಅಪ್ಪ ಎತ್ತುಗಳ ಜೊತೆ ಮಾತಾಡಿದನೇ ಹೊರತು ಅವಳ ಜೊತೆಯಲ್ಲ, ಬೆಳವಣಕಿ ಕಂಡ ಮೇಲೆ ಮಾತ್ರ, ಪಾಟಿ ಹಿಡಿಯೂದು ಮರತಿಲ್ಲಲ್ಲs ತಂಗಿ ಅಂತ ಕೇಳಿದ್ದ, ಇಲ್ಲಪ್ಪಾ, ಮರೆತಿರಲಿಲ್ಲ.

ಮಕ್ಕಳೇ, ಈ ಚಿತ್ರದಲ್ಲಿ ಏನು ಕಾಣಿಸುತ್ತದೆ, ಎಂದಳು, ಧಾರವಾಡದಲ್ಲಿ ತಿದ್ದಿ ತಿದ್ದಿ ಕೊಟ್ಟ ದನಿ, ವರ್ಗದಲ್ಲಿ ಆಡುಮಾತು ನುಸುಳಬಾರದು ಎಂದು ಅಲ್ಲಿಯ ಟ್ರೇನಿಂಗ್ ಶಾಲೆಯ ಶಿಕ್ಷಕಿ ಬಾಯಿಯವರು ಅವಳ ನಾಲಿಗೆಯನ್ನು ದಿನಾ ಬೆಳಿಗ್ಗೆ ಪಾತ್ರೆಯ ಹಾಗೆ ಬೆಳಗುತ್ತಿದ್ದರು, ಬೆಳಗಿದ್ದನ್ನು ತಂದರೆ ಇಲ್ಲಿ ಮೊದಲ ದಿನವೇ ಮುಂದಿನ ಸಾಲಿನ ಹೂವಪ್ಪ ಕೇಳಿದ್ದ, ಅಕ್ಕಾರ, ನೀವು ಯಾ ಊರವ್ರು, ಬೆಳವಣಕಿಯವಳು ಮಗು, ಮತ್ಯಾಕ ಹಿಂಗ ಮಾತಾಡ್ತೀರಿ, ಹುಷಾರಿಲ್ಲೇನ್ರಿ — ಆ ಮಾತಿಗೆ ನಗಬಾರದೆಂದು ತುಟಿ ಕಚ್ಚಿಕೊಂಡದ್ದು, ಮರುದಿನ ಅದೇ ಹೂವಪ್ಪ ಅಂಗಿಯೊಳಗಿಂದ ಹಸಿ ಕಡಲೆ ಗಿಡ ತೆಗೆದು ಮೇಜಿನ ಮೇಲಿಟ್ಟದ್ದು, ತಿನ್ರಿ, ಗಂಟಲಾ ಸುದ್ದ ಆಗ್ತೈತಿ, ಅವನ ಮೈಯ ಬಿಸಿ ಇನ್ನೂ ಆ ಕಾಯಿಗಳಲ್ಲಿತ್ತು, ಮಧ್ಯಾಹ್ನಕ್ಕೆ ಒಬ್ಬ ಹುಡುಗಿ ಅವಳ ತೊಡೆಯ ಮೇಲೇ ನಿದ್ದೆ ಹೋಗಿದ್ದಳು, ಜೊಲ್ಲು ಸೀರೆಯ ಮೇಲೆ, ಕಾಲು ಜೋಮು ಹಿಡಿದರೂ ಎಬ್ಬಿಸಿರಲಿಲ್ಲ, ಎಬ್ಬಿಸುವುದು ಹೇಗೆಂದು ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಈಗ ಯಾರೂ ಬಾಯಿ ಬಿಡುತ್ತಿಲ್ಲ. ಚಿತ್ರ ಗೋಡೆಗೆ ತೂಗಿದೆ, ಕೆಂಪು ಹಂಚು, ಇಳಿಜಾರು ಮಾಡು, ಮುಂದೊಂದು ಮಾವಿನ ಗಿಡ, ಹೇಳಿ, ಇದು ಮ, ಇದು ನೆ, ಸೇರಿದರೆ, ಹೇಳಿ ನೋಡೋಣ, ಹಿಂದೆ ಗುರುಸಂಗಪ್ಪನವರು ಕೆಮ್ಮಿದರು, ಸಿಟ್ಟಿನ ಕೆಮ್ಮೋ ತಂಬಾಕಿನ ಕೆಮ್ಮೋ, ಹೂವಪ್ಪ ಎದ್ದ, ಏಳಬೇಡವೋ ಇವತ್ತೊಂದು ದಿನ, ಅಕ್ಕಾರ ಅದು ಮನಿ ಅಲ್ರಿ. ಹಾಗಾದರೆ ಅದು ಏನು? ದವಾಖಾನಿರಿ. ಅವನ ಪಕ್ಕದವ ಅಂಗಿ ಜಗ್ಗಿದ, ಅಲ್ಲೋ, ಮಾಮಲೇದಾರ ಕಚೇರಿ ಅದು, ನಮ್ಮಪ್ಪನ ಕೂಡ ಹೋಗಿ ನೋಡೇನಿ. ಮ್ಯಾಲ ಹಂಚು ಐತಿ ನೋಡು, ಮನಿಗೆ ಹಂಚು ಎಲ್ಲಿರ್ತಾವ? ಇಯತ್ತೆ ಎರಡು ಪಂಗಡವಾಯಿತು, ದವಾಖಾನಿಯವರು, ಕಚೇರಿಯವರು, ಒಬ್ಬರೂ ಮನೆಯವರಿಲ್ಲ, ಮುಗಿಯಿತು, ಅಪ್ಪ ಕೊಣ್ಣೂರಿಗೆ ಚಕ್ಕಡಿ ಹೂಡಬೇಕಾಗುತ್ತದೆ — ಶಂಕ್ರವ್ವ ಮತ್ತೆ ಚಿತ್ರದ ಕಡೆ ತಿರುಗಿದಳು, ನೋಡಿದಳು, ಖರೇ, ಈ ಸೀಮೆಯಲ್ಲಿ ಯಾರ ಮನೆಗೆ ಹಂಚಿದೆ, ಎಲ್ಲರದೂ ಚಪ್ಪಟೆ ಮಣ್ಣಿನ ಮಾಳಿಗೆಯೇ, ಬೆಳವಣಕಿಯಲ್ಲಿ ಮಳೆ ಬಿಟ್ಟ ಮೇಲೆ ಮಾಳಿಗೆಯ ಮಣ್ಣಿನಲ್ಲಿ ಹುಲ್ಲು ಹುಟ್ಟುತ್ತಿತ್ತು, ಕೀಳಲು ಅವಳನ್ನೇ ಹತ್ತಿಸುತ್ತಿದ್ದರು, ಹತ್ತಿದರೆ ಇಳಿಯುವುದೆಲ್ಲಿ, ನಮ್ಮ ಮಾಳಿಗೆಯಿಂದ ಅವರ ಮಾಳಿಗೆಗೆ, ಅಲ್ಲಿಂದ ಆಚೆಯವರದಕ್ಕೆ, ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೆಲ ಮುಟ್ಟದೆ ಓಡುತ್ತಿದ್ದಳು, ಕೆಳಗೆ ರೊಟ್ಟಿ ಬಡಿಯುತ್ತಿದ್ದವರು, ಯಾರವಾ ಅಕಿ, ಮಣ್ಣು ಉದುರಿಸ್ತಾಳ ಎಂದು ಬೈಯುತ್ತಿದ್ದರು, ಆ ಹುಡುಗಿ ಈ ಚಿತ್ರ ನೋಡಿದ್ದರೆ ಕಚೇರಿ ಎನ್ನುತ್ತಿದ್ದಳು, ಖಂಡಿತ. ಖರೇನೋ ಹೂವಪ್ಪ, ಇದು ಮನಿ ಅಲ್ಲ, ಎಂದಳು, ಬಾಯಿಗೆ ಬಂದದ್ದು ಬಂದಂತೆ, ತಗೀರಿ ಪಾಟಿ, ನಿಮ್ಮ ನಿಮ್ಮ ಮನಿ ಹ್ಯಾಂಗ ಐತಿ ಚಿತ್ರ ತಗದು ತೋರಿಸ್ರಿ ನೋಡೋಣು. ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಅಕ್ಕಾರಿಗೆ ಆರಾಮಾತು.

ಪಾಟಿಗಳ ಮೇಲೆ ಬಳಪ ಕಿರಗುಟ್ಟುವ ಸದ್ದು, ಹಲ್ಲು ಜುಮ್ಮೆನ್ನುವ ಸದ್ದು, ಎಷ್ಟು ಚಲೋ ಸದ್ದು, ಚೌಕದ ಮನೆಗಳು, ಸೊಟ್ಟ ಬಾಗಿಲುಗಳು, ಹೂವಪ್ಪನ ಮನೆಯ ತುಂಬ ಎತ್ತುಗಳೇ, ಮಂದಿ ಎಲ್ಲೋ, ಹೊಲಕ್ಕ ಹೋಗ್ಯಾರ್ರಿ, ಎತ್ತು ಮನ್ಯಾಗ ಬಿಟ್ಟು ಹೋಗ್ಯಾರೇನು, ಅವನು ವಿಚಾರ ಮಾಡಿ ಅಂಗೈಗೆ ಉಗುಳಿ ಒಂದು ಜೋಡಿ ಎತ್ತನ್ನು ಅಳಿಸಿದ, ಅವಳು ನಕ್ಕುಬಿಟ್ಟಳು, ಹಲ್ಲು ಕಾಣುವಂತೆ, ನಕ್ಕು ಎಷ್ಟು ದಿನವಾಗಿತ್ತು — ತಲೆ ಎತ್ತಿದರೆ ಗುರುಸಂಗಪ್ಪನವರು ಎದುರಿಗೇ ನಿಂತಿದ್ದಾರೆ. ತಂಗಿ, ನಿನ್ನ ಪಾಠದ ಟಾಚಣದಾಗ ಇದನ್ನ ಬರದಿಲ್ಲಲ್ಲ. ಇಲ್ರಿ ಸರ. ಮಾತೂ ಪುಸ್ತಕದ್ದು ಬಿಟ್ಟಿ. ಹೌದ್ರಿ ಸರ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಟಾಚಣದ ಹಾಳೆ ಮೇಜಿನ ಮೇಲೆ ಹಾಗೇ ಬಿದ್ದಿದೆ, ಅವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತರು, ಒಂದು ಪಾಟಿ ನೋಡಿದರು, ಇನ್ನೊಂದು ನೋಡಿದರು, ಈ ಚಿತ್ರ ನಾನು ಬಂದಾಗಿಂದ ಈ ಸಾಲ್ಯಾಗ ಐತಿ, ಹುಡುಗರು ಮನಿ ಅಂತ ಒದರ್ತಿದ್ವು, ನಾನೂ ಸೈ ಅಂತಿದ್ದೆ, ಅಂದರು, ಕಚೇರಿ ಅಂತ ತಿಳಕೊಂಡಿದ್ವು ಅನ್ನೂದು ನನಗ ಇವತ್ತ ತಿಳೀತು, ಪಾಸ್ ಅಂತ ಬರೀತೀನಿ, ನಿಮ್ಮಪ್ಪಗ ತಿಳಸು, ಹೂಂ, ನಿಂತೀ ಯಾಕ, ಉಳದ ಪಾಟಿ ನೋಡು, ಕಾಯಾಕತ್ತ್ಯಾವ. ಪಾಸ್, ಅಪ್ಪಾ ಪಾಸ್, ಕಣ್ಣು ಮಂಜಾಗಿ ಮುಂದಿನ ಪಾಟಿ ಸರಿಯಾಗಿ ಕಾಣಲಿಲ್ಲ, ಒರೆಸಿಕೊಂಡು ಬಾಗಿದಳು, ಮೂಲೆಯ ಹೊನ್ನವ್ವನದು ಅದು, ಹೆಚ್ಚು ಮಾತಿಲ್ಲದ ಹುಡುಗಿ, ಮಾಳಿಗೆಯಲ್ಲೊಂದು ಕಿಂಡಿ ತೆಗೆದಿದ್ದಾಳೆ, ಕಿಂಡಿಯಿಂದ ನೆಲದವರೆಗೆ ಬಳಪದ ಪುಡಿ ಬೆರಳಲ್ಲಿ ತಿಕ್ಕಿ ತಿಕ್ಕಿ ಬೆಳ್ಳನೆಯ ಪಟ್ಟಿ, ಇದೇನವಾ, ಬೆಳಕಿಂಡಿ ಬಿಸಲರಿ — ಬೆಳಕಿಂಡಿ, ಕೊಣ್ಣೂರಿನ ನಡುಮನೆಯಲ್ಲೂ ಇತ್ತು, ಗಂಡ ಹೋದ ಮೇಲೆ ಅವಳು ಮೂಲೆ ಹಿಡಿದು ಕೂತಿದ್ದ ಆ ವರ್ಷವಿಡೀ ಬಿಸಿಲು ಕೈಯಳತೆಯಲ್ಲೇ ಇಳಿಯುತ್ತಿತ್ತು, ಬೆಳಿಗ್ಗೆ ಕಂಬದ ಬುಡದಲ್ಲಿ, ಹೊತ್ತೇರಿದರೆ ಬೀಸುಕಲ್ಲಿನ ಹತ್ತಿರ, ಚಳಿಗೆ ಒಮ್ಮೆ ಅದರೊಳಗೆ ಪಾದ ಚಾಚಿದ್ದಳು, ಅತ್ತೆ ಚನ್ನವ್ವ ನೋಡಿ, ಹಿಂದ ಸರಿ, ಬಂದು ಹೋಗೋರ ಕಣ್ಣಿಗೆ ಬೀಳ್ತಿ ಅಂದಿದ್ದಳು, ಸರಿದಿದ್ದಳು, ಪಾದ ಸೀರೆಯೊಳಗೆ ಎಳೆದುಕೊಂಡು — ಪಾಟಿಯ ಬಿಸಿಲಿನಲ್ಲಿ ಯಾರೋ ಕೂತಿದ್ದಾರೆ, ಒಂದು ಸೊನ್ನೆ ತಲೆ, ಮೇಲೆ ಸೆರಗಿನ ಗೆರೆ, ಉದ್ದಕ್ಕೆ ಚಾಚಿದ ಎರಡು ಕಾಲು. ಇಲ್ಲಿ ಕುಂತಾಕಿ ಯಾರು, ಹೊನ್ನವ್ವಾ, ನಿಮ್ಮವ್ವನೇನು? ಅಲ್ರಿ, ನೀವರಿ, ನಮ್ಮನಿಗೆ ಬಂದ್ರ ಅಲ್ಲೇ ಕುಂಡ್ರಸ್ತೀನ್ರಿ, ಬೆಚ್ಚಗ ಇರ್ತೈತಿ. ಶಂಕ್ರವ್ವ ಪಾಟಿಯನ್ನು ತೆಗೆದುಕೊಂಡಳು, ಹೆಬ್ಬೆರಳು ತಾಗಿ ಪುಡಿ ಅಳಿಸೀತೆಂದು ಅಂಚಿನಲ್ಲಿ ಹಿಡಿದಳು, ಗುರುಸಂಗಪ್ಪನವರು ಏನೋ ಹೇಳುತ್ತಿದ್ದಾರೆ, ಗಂಟೆ ಬಡಿಯುತ್ತಿದೆ, ಮಕ್ಕಳು ಏಳುತ್ತಿವೆ, ಬೆಳ್ಳನೆಯ ಪಟ್ಟಿ, ಅದರೊಳಗೆ ಚಾಚಿದ ಎರಡು ಕಾಲು, ಬೆಳ್ಳನೆಯ ಪಟ್ಟಿ, ಚಾಚಿದ ಎರಡು ಕಾಲು