ಬೆನ್ನು ತಿರುಗಿಸಿ ಪಾಲು ಕೂಗಿದವಳು

ಮನೋರಮಾ ತೆಂಗಿನಕಾಯಿ ಕೊಳ್ಳುತ್ತಿದ್ದುದು ಕಿವಿಯಿಂದ. ಮಹಾರಾಷ್ಟ್ರದ ಸಂಭಾಜಿನಗರದ ಸಂತೆಯ ಗದ್ದಲದ ನಡುವೆ, ಸೀರೆಯ ಮೇಲೆ ಗಂಡನ ಹಳೆಯ ಕಂದು ಸ್ವೆಟರು ತೊಟ್ಟು, ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ದೂರದ ಊರಿನ ಫೋನು ಬಂದವಳಂತೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. ಅಂಗಡಿಯವನು ಸಿಡುಕಿದರೆ, "ಸುಮ್ಮನಿರು ಮಾರಾಯ, ಅದು ಮಾತಾಡ್ತಾ ಉಂಟು" ಎನ್ನುವಳು. ಅವನಿಗೆ ಕನ್ನಡ ಬಾರದು, ಆದರೂ ಸುಮ್ಮನಾಗುತ್ತಿದ್ದ.

ಕುಂದಾಪುರದ ಕಡೆಯವಳು. ನಾಸಿಕದಲ್ಲಿ ಗಂಡನ ಹೋಟೆಲಿದ್ದಾಗ ಪಿಂಪಳಗಾಂವದಿಂದ ಈರುಳ್ಳಿ ಮೂಟೆಗಟ್ಟಲೆ ಬರುತ್ತಿತ್ತಂತೆ. ಹೋಟೆಲು ಮುಚ್ಚಿ, ಗಂಡನೂ ತೀರಿಕೊಂಡ ಮೇಲೆ ನಮ್ಮ ಗಲ್ಲಿಗೆ, ಶಾಲೆಯಲ್ಲಿ ಟೀಚರಾಗಿದ್ದ ನನ್ನ ಪಕ್ಕದ ಮನೆಗೆ ಬಂದಳು. ಹತ್ತು ವರ್ಷ ಗೆಳತಿಯಾಗಿದ್ದಳು.

ಒಂದು ವರ್ಷ ಚಳವಳಿ, ಬಂದ್, ಸಂಚಾರ ನಿಷೇಧ ಒಂದರ ಬೆನ್ನಿಗೊಂದು ಬಂದವು. ಕಾರ್ಖಾನೆಗಳು ಪಾಳಿ ಇಳಿಸಿದವು, ಕಟ್ಟಡದ ಕೆಲಸಗಳು ನಿಂತವು. ಡಬ್ಬಿಗಟ್ಟಲೆ ಎಣ್ಣೆ ತರುತ್ತಿದ್ದ ಮನೆಗಳು ಅಂಗೈಯಗಲದ ಪೊಟ್ಟಣಕ್ಕೆ ಇಳಿದವು. ಚಹಾಪುಡಿ ಆಯಾ ದಿನಕ್ಕಷ್ಟೇ ಬಂತು. ಕಾಯಿತುರಿಯ ಜಾಗದಲ್ಲಿ ಶೇಂಗಾಪುಡಿ ಕೂತಿತು. ತನ್ನದೇ ಸಾಂಬಾರಿನ ರುಚಿ ನೋಡಿ ಮನೋರಮಾ ನಕ್ಕಳು: "ಎಂತ ಮಾಡುದು, ಇದೂ ಮರಾಠಿ ಕಲ್ತಿತು!"

ಗಲ್ಲಿಯ ತುದಿಯ ತಗಡಿನ ಮನೆಯಲ್ಲಿ ಕಲಬುರಗಿ ಕಡೆಯ ಜಗದೇವಿ ಇದ್ದಳು. ಗಾರೆ ಕೆಲಸದವಳು, ಮೂರು ಮಕ್ಕಳ ತಾಯಿ. ಕೆಲಸ ನಿಂತು ತಿಂಗಳಾಗಿತ್ತು. ಮಕ್ಕಳು ಬರೀ ರೊಟ್ಟಿ, ಉಪ್ಪು ತಿನ್ನುವುದನ್ನು ಕಂಡು ಮನೋರಮಾ ಒಂದು ಡಬ್ಬಿ ಬೇಳೆ ಕೊಟ್ಟುಬಂದಳು. ಮುಚ್ಚಳ ತೆರೆಯದೆಯೇ ಡಬ್ಬಿ ಮರಳಿತು.

"ಪುಕಟ್ ಬ್ಯಾಡ್ರಿ ಅಕ್ಕಾರ. ದುಡದು ತಿನ್ನೋ ಮಂದಿ ನಾವು."

ಮೂರನೆಯ ದಿನ ಮನೋರಮಾ ಸಾಮಾನು ಒಟ್ಟಿಗೆ ತರಿಸಲೆಂದು ಆರು ಮನೆಗಳಿಂದ ಸಮನಾಗಿ ಹಣ ಕೂಡಿಸಿದಳು; ಜಗದೇವಿಯೂ ಹಾಕಿದಳು. ದಾರಿ ತೆರೆದ ಗುರುವಾರ ಟೆಂಪೋದ ಮಹಿಬೂಬ ಪಿಂಪಳಗಾಂವದಿಂದ ಈರುಳ್ಳಿ ಮೂಟೆ ತಂದಿಳಿಸಿದ. ಒಂದೊಂದೇ ಕಿಲೋ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಹಂಚುವುದು ಹೇಗೆ? ಮನೋರಮಾ ಚಿಕ್ಕಂದಿನಲ್ಲಿ ಕಡಲ ತೀರದಲ್ಲಿ ಮೀನುಗಾರರು ಪಾಲು ಹಾಕುವುದನ್ನು ನೋಡಿದ್ದಳು. ನಾನು ಕಣ್ಣಂದಾಜಿನಲ್ಲಿ ಆರು ಗುಡ್ಡೆ ಹಾಕಿ, ಹಾಕಿದ ಸಾಲಿನಲ್ಲೇ ಒಂದೊಂದನ್ನೂ ಮುಟ್ಟಿ ಕೇಳಬೇಕು. ಅವಳು ಬೆನ್ನು ತಿರುಗಿಸಿ ಗೋಡೆಗೆ ಮುಖಮಾಡಿ ಕೂತು, ಅದು ಯಾರ ಪಾಲೆಂದು ನೋಡದೆಯೇ ಕೂಗಬೇಕು.

ನಾನು ಒಂದು ಗುಡ್ಡೆ ಮುಟ್ಟಿದೆ. "ಇದು ಯಾರಿಗೆ?"

"ಜಗದೇವಿಗೆ!"

ಅದೇ ದೊಡ್ಡ ಗುಡ್ಡೆ. ತೀರ ಸಣ್ಣದು ಮನೋರಮಾಳ ಪಾಲಿಗೇ ಬಂತು. ಮುಂದಿನ ಗುರುವಾರ ಆಲೂಗಡ್ಡೆಯಲ್ಲೂ ಹಾಗೆಯೇ ಆಯಿತು, ಅದರ ಮುಂದಿನ ವಾರವೂ. ಜಗದೇವಿ ಸೆರಗು ತುಂಬಿಕೊಂಡು ನಗುತ್ತಿದ್ದಳು: "ಅಕ್ಕಾರ, ನಿಮ್ಮ ನಸೀಬಽ ಖೊಟ್ಟಿ ಅದ ನೋಡ್ರಿ!"

"ಹಣೆಬರಹ ಮಾರಾಯ್ತಿ, ಎಂತ ಮಾಡುದು!"

ನಾನೂ ನಸೀಬವೆಂದೇ ನಂಬಿದ್ದೆ. ಒಂದು ದಿನ ಗುಡ್ಡೆ ಹಾಕುತ್ತಿದ್ದಾಗ ಅವಳ ಕತ್ತು ವಾಲಿದ್ದು ಕಂಡಿತು. ಪಕ್ಕದಿಂದ ಬಾಗಿ ನೋಡಿದರೆ ಕಣ್ಣುಗಳು ಮುಚ್ಚಿದ್ದವು. ತೆಂಗಿನಕಾಯಿ ಕೇಳುವ ಭಂಗಿ. ಚೀಲ ಮಡಚುವಾಗ ಪಿಸುಗುಟ್ಟಿದೆ: "ಬೀಳೋ ಸಪ್ಪಳ ಎಣಸ್ತೀ ಏನ?"

"ಸುಮ್ಮನಿರು ಮಾರಾಯ್ತಿ" ಎಂದಳು. ನಾನೂ ಅಂಗಡಿಯವನಂತೆ ಸುಮ್ಮನಾದೆ.

ಹೋದ ಚಳಿಗಾಲ ಮನೋರಮಾ ತೀರಿಕೊಂಡಳು. ಮರುವಾರ ಮೂಟೆ ಬಂದಾಗ ಆ ಗೋಡೆಯ ಮುಂದೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಕಡೆಗೆ ಜಗದೇವಿಯೇ ಹೋಗಿ ಕೂತಳು. ಕಣ್ಣು ಮಂಜಾಗಿದ್ದರಿಂದ ನನ್ನ ಗುಡ್ಡೆಗಳು ಸೊಟ್ಟಗಿದ್ದವು. ಹಾಕಿದ ಸಾಲಿನಲ್ಲೇ ಮುಟ್ಟುತ್ತಾ ಎಲ್ಲಕ್ಕಿಂತ ದೊಡ್ಡದಕ್ಕೆ ಬಂದು ಕೇಳಿದೆ. "ಟೀಚರಮ್ಮಗ!" ಎಂದಳು. ಅವಳ ಕತ್ತೂ ಒಂದಿಷ್ಟು ವಾಲಿತ್ತು.

ಮನೋರಮಾಳ ಗುಟ್ಟು ಎಂದಿನಿಂದ ಜಗದೇವಿಗೆ ಗೊತ್ತಿತ್ತೋ ನಾನು ಕೇಳಲಿಲ್ಲ. ಕೊಟ್ಟ ಕೈಯನ್ನು ಕಾಣಗೊಡದೆ ಬದುಕಿದವರು ಹೆಸರು ಬಿಟ್ಟುಹೋಗುವುದು ಕಡಿಮೆ. ತಾವು ಕೂತ ಜಾಗವನ್ನು ಬಿಟ್ಟುಹೋಗುತ್ತಾರೆ, ಅಲ್ಲಿ ಇನ್ನೊಬ್ಬರು ಬಂದು ಬೆನ್ನು ತಿರುಗಿಸಿ ಕೂರುತ್ತಾರೆ.